ಎಸ್‌ಎನ್‌ಸಿಯುನಲ್ಲಿ ಸದ್ದು ಇಳಿಸಲು ಹೊರಟ ಕಥೆ

ನಮ್ಮ ಎಸ್‌ಎನ್‌ಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕದಲ್ಲಿ, ಗದ್ದಲ ಜಾಸ್ತಿ ಅಂತ ಮೊದಲು ಹೇಳಿದ್ದು ಮಕ್ಕಳ ಡಾಕ್ಟರಲ್ಲ, ಕಿವಿ ಪರೀಕ್ಷೆಗೆ ಬರುತ್ತಿದ್ದ ಆಡಿಯಾಲಜಿಸ್ಟ್. ಅವರ ಬಳಿ ಓಎಇ ಅನ್ನೋ ಪುಟ್ಟ ಯಂತ್ರ ಇರುತ್ತಿತ್ತು. ಮಗುವಿನ ಕಿವಿಗೆ ಮೆತ್ತನೆಯ ತುದಿ ಇಟ್ಟರೆ ಯಂತ್ರ ಸಣ್ಣ ಸದ್ದು ಕಳಿಸುತ್ತದೆ. ಒಳಗಿವಿ ಸರಿಯಿದ್ದರೆ ಅಲ್ಲಿಂದ ಅದಕ್ಕಿಂತಲೂ ಸಣ್ಣ ಸದ್ದು ವಾಪಸ್ ಬರುತ್ತದೆ. ಯಂತ್ರ ಅದನ್ನು ಹಿಡಿಯಬೇಕು. ನಮ್ಮ ಘಟಕದಲ್ಲಿ ಅದಕ್ಕೆ ಹಿಡಿಯೋಕೇ ಆಗುತ್ತಿರಲಿಲ್ಲ. ಸುತ್ತ ಸದ್ದು ಜಾಸ್ತಿ ಇದೆ ಅಂತ ಪರದೆ ಮೇಲೆ ತೋರಿಸಿ ನಿಂತುಬಿಡುತ್ತಿತ್ತು. ಕೊನೆಗೆ ಅವರು ಮನೆಗೆ ಹೊರಟ ಮಕ್ಕಳನ್ನು ಒಂದೊಂದಾಗಿ ಬಟ್ಟೆ ಇಡುವ ಕೋಣೆಗೆ ತರಿಸಿಕೊಂಡು, ಬಾಗಿಲು ಹಾಕಿ ಪರೀಕ್ಷೆ ಮಾಡುತ್ತಿದ್ದರು. ಒಂದು ದಿನ ನಗುತ್ತಲೇ ಕೇಳಿದರು. "ಸಿಸ್ಟರ್, ನನ್ನ ಮಶೀನ್‌ಗೇ ಇಲ್ಲಿ ಕೆಲಸ ಮಾಡೋಕಾಗ್ತಿಲ್ಲ. ಈ ಕೂಸುಗಳು ವಾರಗಟ್ಟಲೆ ಇಲ್ಲೇ ಮಲಗಿರ್ತಾವಲ್ಲ?"

ನಮ್ಮದು ಹಳೇ ಮೈಸೂರು ಕಡೆಯ ಒಂದು ಜಿಲ್ಲಾಸ್ಪತ್ರೆ. ನಾನು ಅಲ್ಲಿ ಶುಶ್ರೂಷಾಧಿಕಾರಿ. ತಿಂಗಳು ತುಂಬದೆ ಹುಟ್ಟಿದವು, ತೂಕ ಕಮ್ಮಿ ಇರುವವು, ಉಸಿರಾಟಕ್ಕೆ ಕಷ್ಟಪಡುವವು, ಕಾಮಾಲೆ ಜಾಸ್ತಿಯಾದವು, ಎಲ್ಲ ನಮ್ಮ ಘಟಕಕ್ಕೇ ಬರುತ್ತವೆ. ಜನ "ಕೂಸ್ನ ಪೆಟ್ಗೇಲಿ ಮಡಗವ್ರೆ" ಅಂತಾರೆ. ನಿಜ ನೋಡಿದರೆ ನಮ್ಮಂಥ ಕಡೆ ಪೆಟ್ಟಿಗೆ, ಅಂದರೆ ಇನ್‌ಕ್ಯುಬೇಟರ್, ಕಮ್ಮಿ, ವಾರ್ಮರ್ ಜಾಸ್ತಿ. ಮೇಲಿಂದ ಬಿಸಿ ಬೀಳುವ ತೆರೆದ ಹಾಸಿಗೆ ಅದು. ಮಗುವಿನ ಕಿವಿಗೂ ನಮ್ಮ ಮಾತಿಗೂ ನಡುವೆ ಗಾಜು ಕೂಡ ಇಲ್ಲ.

ಕೋಣೆ ನೋಡಿದರೆ ಗದ್ದಲ ಮಾಡೋಕೆಂದೇ ಕಟ್ಟಿದಂತಿದೆ. ಗೋಡೆಗೆ ಟೈಲ್ಸ್, ನೆಲಕ್ಕೆ ಟೈಲ್ಸ್. ತೊಳೆಯೋಕೆ ಸುಲಭ, ಸೋಂಕು ಕಮ್ಮಿ, ಸರಿ. ಆದರೆ ಯಾವ ಸದ್ದೂ ಅಲ್ಲಿ ಹೀರಿಕೊಳ್ಳಲ್ಲ, ಗೋಡೆಯಿಂದ ಗೋಡೆಗೆ ಬಡಿದು ತಿರುಗುತ್ತದೆ. ಒಳಗೆ ಎಸಿ, ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸುವ ಕಾನ್ಸನ್‌ಟ್ರೇಟರ್, ಒತ್ತಡದ ಗಾಳಿ ಕೊಟ್ಟು ಉಸಿರಾಟಕ್ಕೆ ನೆರವಾಗುವ ಸಿಪ್ಯಾಪ್‌ನ ಗುಳುಗುಳು ನೀರು, ಕಾಮಾಲೆ ದೀಪದ ಫ್ಯಾನು, ಸಿರಿಂಜ್ ಪಂಪು, ಒಂದೊಂದು ಮಗುವಿಗೂ ರಕ್ತದ ಆಕ್ಸಿಜನ್ ಅಳೆಯುವ ಪಲ್ಸ್ ಆಕ್ಸಿಮೀಟರ್. ಅದರ ಮೇಲೆ ನಾವು.

ಡ್ಯೂಟಿ ಮಾಡುವವರಿಗೆ ಇದು ಕೇಳಿಸುವುದೇ ಇಲ್ಲ. ಹೊಸದಾಗಿ ಬಂದ ವಿದ್ಯಾರ್ಥಿನಿಯರು ಮೊದಲ ವಾರ ತಲೆನೋವು ಅಂತಾರೆ, ಆಮೇಲೆ ಅವರಿಗೂ ಕೇಳಿಸಲ್ಲ. ಆಡಿಯಾಲಜಿಸ್ಟ್ ಮಾತನ್ನು ನಾನು ಶಿಫ್ಟ್ ಬದಲಾಗುವ ಹೊತ್ತಿನ ಹ್ಯಾಂಡೋವರ್‌ನಲ್ಲಿ ಹೇಳಿದಾಗ ನಮ್ಮ ಹಿರಿಯ ಸಿಸ್ಟರ್ ಒಬ್ಬರು, "ಮಕ್ಕಳು ಅಳೋ ಜಾಗದಲ್ಲಿ ಎಂಥ ಸೈಲೆನ್ಸಮ್ಮಾ" ಅಂದರು. ಎಲ್ಲರೂ ನಕ್ಕರು. ಆದರೆ ಅಲ್ಲಿ ಅಳುವವರು ಯಾರು? ಒಂದು ಕೆಜಿ ಚಿಲ್ಲರೆ ತೂಕದ ಮಗುವಿಗೆ ಅಳುವಷ್ಟು ಶಕ್ತಿಯೇ ಇರಲ್ಲ. ಅದರ ಮೂಗಲ್ಲಿ ನಳಿಕೆ, ಬಾಯಲ್ಲಿ ನಳಿಕೆ. ದೊಡ್ಡ ಸದ್ದಾದರೆ ಬೆಚ್ಚುತ್ತದೆ, ಕೈ ಬೆರಳು ಅಗಲಿಸುತ್ತದೆ, ಎದೆಬಡಿತ ಏರುತ್ತದೆ. ಆಮೇಲೆ ಎಷ್ಟೋ ಸಲ ಸ್ಯಾಚುರೇಶನ್, ಅಂದರೆ ರಕ್ತದ ಆಕ್ಸಿಜನ್ ಮಟ್ಟ, ಬೀಳುತ್ತದೆ, ಉಸಿರು ನಿಲ್ಲಿಸುವುದೂ ಉಂಟು. ಆಗ ಅಲಾರಾಂ ಹೊಡೆಯುತ್ತದೆ. ಪಕ್ಕದ ಮಗು ಬೆಚ್ಚುತ್ತದೆ. ಇದನ್ನು ನಾವು ದಿನಾ ನೋಡುತ್ತಿದ್ದೆವು. ಹೆಸರು ಮಾತ್ರ ಬೇರೆ ಕೊಡುತ್ತಿದ್ದೆವು, "ಈ ಬೇಬಿ ಸುಮ್‌ಸುಮ್ನೆ ಡೀಸ್ಯಾಟ್ ಆಗ್ತಿದೆ" ಅಂತ.

ನಮ್ಮ ಮಕ್ಕಳ ಡಾಕ್ಟರ್ ಇದನ್ನು ಗಂಭೀರವಾಗಿ ತಗೊಂಡರು. ಒಂದು ಮಧ್ಯಾಹ್ನ ನಮ್ಮನ್ನೆಲ್ಲ ಕೂರಿಸಿ ಸ್ವಲ್ಪ ಹೇಳಿದರು. ಬಸುರಿನ 24-25 ವಾರದ ಹೊತ್ತಿಗೆ ಮಗುವಿನ ಕಿವಿ ಕೆಲಸ ಶುರು ಮಾಡುತ್ತದೆ. ಹೊಟ್ಟೆಯೊಳಗೆ ಅದಕ್ಕೆ ಕೇಳಿಸೋದು ಬಾವಿಯಲ್ಲಿ ಮುಳುಗಿದಾಗ ದಡದ ಮೇಲಿನವರ ಮಾತು ನಮಗೆ ಕೇಳಿಸುವ ಹಾಗೆ. ದಪ್ಪ ಸದ್ದು ಬರುತ್ತದೆ, ಚೂಪು ಸದ್ದು ಬರಲ್ಲ. ಅಮ್ಮನ ಎದೆಬಡಿತ, ಅಮ್ಮನ ಧ್ವನಿಯ ಏರಿಳಿತ, ಅಷ್ಟೇ. 28 ವಾರಕ್ಕೇ ಹುಟ್ಟಿದ ಮಗು ಆ ಜಾಗ ಬಿಟ್ಟು ನೇರವಾಗಿ ನಮ್ಮ ಸ್ಟೀಲ್ ಟ್ರೇಗಳ ನಡುವೆ ಬರುತ್ತದೆ. ಸೋಂಕಿಗೆ ನಾವು ಕೊಡುವ ಅಮಿಕಾಸಿನ್, ಜೆಂಟಾಮೈಸಿನ್‌ಗಳಿಗೆ ಒಳಗಿವಿಗೆ ಪೆಟ್ಟು ಕೊಡುವ ಗುಣ ಬೇರೆ ಇದೆ. ಜೀವ ಉಳಿಸೋಕೆ ಆ ಔಷಧ ಬೇಕೇ ಬೇಕು. ಅದರ ಜೊತೆ ಗದ್ದಲವನ್ನೂ ಸೇರಿಸೋದು ಬೇಡ ಅಲ್ವಾ, ಅಂದರು.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1997ರಲ್ಲೇ ಹೇಳಿದ ಮಿತಿ 45 ಡೆಸಿಬಲ್. ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ಅದಕ್ಕಿಂತ ಜಾಸ್ತಿ ಸದ್ದು ಇರಬಾರದು ಅಂತ. ಡೆಸಿಬಲ್ ಲೆಕ್ಕ ಕೆಜಿ ಲೆಕ್ಕದ ಹಾಗಲ್ಲ. 10 ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟು ಆಗುತ್ತದೆ, ಕಿವಿಗೆ ಸುಮಾರು ಎರಡು ಪಟ್ಟು ಅನ್ನಿಸುತ್ತದೆ. ಅಂದರೆ 45ಕ್ಕೂ 65ಕ್ಕೂ ಇರೋ ವ್ಯತ್ಯಾಸ 20 ಅಲ್ಲ, ನೂರು ಪಟ್ಟು. ಇದು ನನಗೆ ಅರ್ಥವಾಗೋಕೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಒಂದೆರಡು ಡೆಸಿಬಲ್ ಇಳಿದರೂ ಖುಷಿಯಾಗೋಕೆ ಶುರುವಾಯಿತು.

ಅಳೆಯೋದು ಹೇಗೆ? ಮೊದಲು ಎಲ್ಲರೂ ಮೊಬೈಲ್‌ನಲ್ಲಿ ಆ್ಯಪ್ ಹಾಕಿಕೊಂಡರು. ಒಂದೇ ಟೇಬಲ್ ಮೇಲೆ ಮೂರು ಫೋನ್ ಇಟ್ಟರೆ ಮೂರು ಉತ್ತರ. ಐಫೋನ್‌ಗೆ ಅಮೆರಿಕದ ನಿಯೋಶ್ ಸಂಸ್ಥೆಯ ಉಚಿತ ಆ್ಯಪ್ ಇದೆ, ಅದು ಪರವಾಗಿಲ್ಲ ಅಂದರು ಆಡಿಯಾಲಜಿಸ್ಟ್. ನಮ್ಮಲ್ಲಿ ಐಫೋನ್ ಯಾರ ಹತ್ತಿರ ಇದೆ ಹೇಳಿ! ಕೊನೆಗೆ ಅವರೇ ಕಾಲೇಜಿನಿಂದ ಒಂದು ಸೌಂಡ್ ಲೆವೆಲ್ ಮೀಟರ್ ತಂದುಕೊಟ್ಟರು. ಅದನ್ನು ಡ್ರಿಪ್ ಸ್ಟ್ಯಾಂಡ್‌ಗೆ ಕಟ್ಟಿ, ಮಗುವಿನ ತಲೆಯ ಎತ್ತರಕ್ಕೆ ನಿಲ್ಲಿಸಿದೆವು. ಮೂರೂ ಶಿಫ್ಟ್‌ನಲ್ಲಿ ಬೇರೆ ಬೇರೆ ಮೂಲೆಯಲ್ಲಿ ಓದಿ ಬರೆದೆವು. ಅಂಕಿ ಬರೆಯೋದಷ್ಟೇ ಅಲ್ಲ, ಮುಳ್ಳು ಏರಿದಾಗಲೆಲ್ಲ ಏನಾಯಿತು ಅಂತ ಪಕ್ಕದಲ್ಲಿ ಒಂದು ಮಾತು ಬರೆಯಬೇಕು ಅಂತ ಡಾಕ್ಟರ್ ಹೇಳಿದ್ದರು. ಆ ಸಲಹೆ ಇಲ್ಲದಿದ್ದರೆ ಮುಂದಿನ ಯಾವುದೂ ಆಗುತ್ತಿರಲಿಲ್ಲ.

ಆ ಪುಸ್ತಕ ಓದೋಕೆ ಮಜಾ ಇತ್ತು. "ಡಸ್ಟ್‌ಬಿನ್." "ಡಸ್ಟ್‌ಬಿನ್." "ಸಿಲಿಂಡರ್ ಕೀ ಬಿತ್ತು." "ಲ್ಯಾಂಡ್‌ಲೈನ್." "ಎಕ್ಸ್‌ರೇ ಗಾಡಿ." "ಡಾಕ್ಟರ್ ನಕ್ಕರು." "ಡಸ್ಟ್‌ಬಿನ್." ಯಾರೂ ಮಾತಾಡದೆ ಬರೀ ಯಂತ್ರ ಓಡುವಾಗಲೂ ಮೀಟರ್ 50ರ ಮೇಲೇ ಇತ್ತು. ಕೆಲಸದ ಹೊತ್ತಲ್ಲಿ 60 ದಾಟಿ ನಿಲ್ಲುತ್ತಿತ್ತು. ಹ್ಯಾಂಡೋವರ್, ರೌಂಡ್ಸ್, ಹೊಸ ಅಡ್ಮಿಶನ್, ಈ ಮೂರು ಹೊತ್ತಲ್ಲಿ ಇನ್ನೂ ಮೇಲೆ. ರಾತ್ರಿ ಇಳಿಯುತ್ತೆ ಅಂದುಕೊಂಡಿದ್ದೆವು, ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ರಾತ್ರಿಯಲ್ಲಿ ಜನ ಕಮ್ಮಿ, ನಿಜ. ಆದರೆ ನಿದ್ದೆ ತಡೆಯೋಕೆ ನಾವು ಜಾಸ್ತಿ ಮಾತಾಡುತ್ತೇವೆ.

ಮೊದಲು ಮಾಡಿದ್ದು ಎಲ್ಲ ಕಚೇರಿಗಳೂ ಮಾಡುವ ಕೆಲಸ. ಬೋರ್ಡು. "ನಿಶ್ಶಬ್ದ ಕಾಪಾಡಿ", ಬಾಯಿ ಮೇಲೆ ಬೆರಳಿಟ್ಟ ಮಗುವಿನ ಚಿತ್ರ. ಒಂದು ವಾರ ಎಲ್ಲರೂ ಪಿಸುಗುಟ್ಟಿದರು. ಆಮೇಲೆ ಬೋರ್ಡು ಗೋಡೆಯ ಭಾಗವಾಯಿತು. ನನ್ನ ಅಭಿಪ್ರಾಯ ಕೇಳಿದರೆ ಬೋರ್ಡಿಗೆ ಕೊಟ್ಟ ದುಡ್ಡು ದಂಡ. ಸದ್ದು ಹೆಚ್ಚಾದರೆ ಕೆಂಪಗಾಗುವ ಕಿವಿಯಾಕಾರದ ದೀಪಗಳೂ ಬರುತ್ತವಂತೆ, ದೊಡ್ಡ ಆಸ್ಪತ್ರೆಗಳಲ್ಲಿ ಹಾಕುತ್ತಾರೆ. ಅದನ್ನು ತರಿಸುವ ಶಕ್ತಿ ನಮಗಿರಲಿಲ್ಲ. ತರಿಸಿದ್ದರೂ ಮಹಾ ಏನೂ ಆಗುತ್ತಿರಲಿಲ್ಲ ಅಂತ ನನಗನ್ನಿಸುತ್ತದೆ. ಮಗುವಿಗೆ ಉಸಿರು ಕೊಡುವ ಅಂಬು ಬ್ಯಾಗ್ ಕೈಯಲ್ಲಿ ಹಿಡಿದವಳು ಗೋಡೆ ಮೇಲಿನ ದೀಪ ನೋಡುತ್ತಾಳಾ? ಮನುಷ್ಯರಿಗೆ ಬುದ್ಧಿ ಹೇಳೋದಕ್ಕಿಂತ ವಸ್ತುಗಳ ಬಾಯಿ ಮುಚ್ಚಿಸೋದು ಸುಲಭ. ಪುಸ್ತಕದಲ್ಲಿ ಹೆಚ್ಚು ಸಲ ಬಂದ ಹೆಸರಿನಿಂದಲೇ ಶುರು ಮಾಡಿದೆವು.

ಡಸ್ಟ್‌ಬಿನ್. ಆಸ್ಪತ್ರೆ ಕಸಕ್ಕೆ ಹಳದಿ, ಕೆಂಪು, ನೀಲಿ ಅಂತ ಬೇರೆ ಬೇರೆ ಬಕೆಟ್ ಇರುತ್ತವೆ, ಕಾಲಲ್ಲಿ ಒತ್ತಿ ತೆರೆಯುವಂಥವು. ಕಾಲು ತೆಗೆದ ತಕ್ಷಣ ಮುಚ್ಚಳ ಧಡಾರ್. ಒಂದು ಡೈಪರ್, ಒಂದು ಹತ್ತಿ ಉಂಡೆ, ಒಂದು ಗ್ಲೌಸ್, ಪ್ರತಿಯೊಂದಕ್ಕೂ ಧಡಾರ್. ದಿನಕ್ಕೆ ಎಷ್ಟು ಸಲ ಅಂತ ಎಣಿಸೋಕೆ ಹೋಗಲಿಲ್ಲ. ನಮ್ಮ ಗ್ರೂಪ್ ಡಿ ಅಣ್ಣ ಸೈಕಲ್ ಶಾಪಿನಿಂದ ಹಳೇ ಟ್ಯೂಬ್ ತಂದು, ಸಣ್ಣ ತುಂಡು ಕತ್ತರಿಸಿ, ಮುಚ್ಚಳ ಬಡಿಯುವ ಅಂಚಿಗೆ ಅಂಟಿಸಿದರು. ಸದ್ದು 'ಧಡಾರ್'ನಿಂದ 'ಪತ್' ಅನ್ನೋದಕ್ಕೆ ಇಳಿಯಿತು. ಖರ್ಚು ಒಂದು ಟೀ. ಅದೇ ಹುಮ್ಮಸ್ಸಲ್ಲಿ ಅವರು ಸ್ಟೂಲಿನ ಕಾಲು, ಡ್ರಿಪ್ ಸ್ಟ್ಯಾಂಡು, ಕಪಾಟಿನ ಬಾಗಿಲು ಎಲ್ಲಕ್ಕೂ ರಬ್ಬರ್ ಹಾಕಿದರು. ಟ್ರಾಲಿ ಗಾಲಿಗಳಿಗೆ ಎಣ್ಣೆ ಬಿಟ್ಟರು. ಎಣ್ಣೆಗೂ ಬಗ್ಗದ ಗಾಲಿಗಳನ್ನು ಬಯೋಮೆಡಿಕಲ್ ಎಂಜಿನಿಯರ್ ಬದಲಾಯಿಸಿಕೊಟ್ಟರು. ಘಟಕದ ಮುಂಬಾಗಿಲಿಗೆ ಮೆಲ್ಲಗೆ ಮುಚ್ಚುವ ಡೋರ್ ಕ್ಲೋಸರ್ ಮೊದಲೇ ಇತ್ತು. ಅದರ ತಿರುಪು ಯಾರೂ ಸರಿಮಾಡಿರಲಿಲ್ಲ, ಅಷ್ಟೇ. ಕೈ ತೊಳೆಯುವ ಸ್ಟೀಲ್ ಸಿಂಕಿಗೆ ನೀರು ಬೀಳುವ ಸದ್ದೂ ನಮ್ಮ ಪಟ್ಟಿಯಲ್ಲಿತ್ತು. ನಲ್ಲಿಯ ತುದಿಗೆ ನೊರೆ ಬರಿಸುವ ಜಾಲರಿ ಹಾಕೋಣ ಅಂದರು ಯಾರೋ. ಅದರಲ್ಲಿ ರೋಗಾಣು ಕೂರುತ್ತವೆ ಅಂತ ಅದು ಅಲ್ಲಿಗೇ ನಿಂತಿತು. ನೀರಿನ ಒತ್ತಡ ಇಳಿಸಿ ಸಮಾಧಾನ ಮಾಡಿಕೊಂಡೆವು.

ಸೋಂಕು ನಿಯಂತ್ರಣದ ಸಿಸ್ಟರ್ ಜೊತೆ ನಮ್ಮ ಜಟಾಪಟಿ ಉದ್ದಕ್ಕೂ ಇತ್ತು. ಸದ್ದು ಹೀರುವ ವಸ್ತುಗಳೆಲ್ಲ ಮೆತ್ತಗಿರುತ್ತವೆ. ಮೆತ್ತಗಿರೋದೆಲ್ಲ ಕೊಳೆ ಹಿಡಿಯುತ್ತದೆ. ಪರದೆ ಬೇಡ, ಫೋಮ್ ಬೇಡ, ಥರ್ಮೋಕೋಲ್ ಅಂತೂ ಕೇಳಲೇಬೇಡಿ. ನನಗೆ ಆಗ ಸಿಟ್ಟು ಬರುತ್ತಿತ್ತು, ಆದರೆ ಅವರು ಹೇಳೋದು ಸರಿ. ನಮ್ಮಲ್ಲಿ ಮಕ್ಕಳನ್ನು ಕಿತ್ತುಕೊಳ್ಳೋದು ಸೋಂಕು, ಗದ್ದಲವಲ್ಲ. ಒಪ್ಪಂದ ಹೀಗಾಯಿತು. ರಬ್ಬರ್ ಮತ್ತು ಸಿಲಿಕೋನ್ ಸರಿ, ದಿನಾ ಒರೆಸಬೇಕು. ಇನ್‌ಕ್ಯುಬೇಟರ್ ಮೇಲೆ ಹೊದಿಸುವ ದಪ್ಪ ಬಟ್ಟೆ ಸರಿ, ಆದರೆ ಮಗುವಿಂದ ಮಗುವಿಗೆ ಬದಲಾಗಬೇಕು, ಲಾಂಡ್ರಿಗೆ ಹೋಗಬೇಕು, ಮಗುವಿನ ಮುಖ ಕಾಣುವ ಹಾಗಿರಬೇಕು.

ಆಮೇಲೆ ಬಂದವು ಕೈಯ ಅಭ್ಯಾಸಗಳು. ಇವು ಸಣ್ಣವು, ಆದರೆ ಮಗುವಿನ ಕಿವಿಗೆ ಅಂಗುಲಗಳ ದೂರದಲ್ಲಿ ಆಗುವಂಥವು. ಕಾಮಾಲೆ ದೀಪದ ಕೆಳಗೆ ಮಲಗಿಸುವಾಗ ಕಣ್ಣಿಗೆ ಕಟ್ಟುವ ಪಟ್ಟಿಯಲ್ಲಿ ವೆಲ್‌ಕ್ರೋ ಇರುತ್ತದೆ. ಅದನ್ನು ಕಿವಿಯ ಪಕ್ಕದಲ್ಲೇ ಪರ್ ಅಂತ ಕೀಳುತ್ತಿದ್ದೆವು. ಈಗ ಒಂದು ಕೈಯಲ್ಲಿ ಕಿವಿ ಮುಚ್ಚಿ ಮೆಲ್ಲಗೆ ಬಿಡಿಸುತ್ತೇವೆ. ಇನ್‌ಕ್ಯುಬೇಟರ್‌ನ ಕೈ ಹಾಕುವ ಕಿಟಕಿ ಮುಚ್ಚುವಾಗ ಮೊಣಕೈಯಲ್ಲಿ ತಳ್ಳುತ್ತಿದ್ದೆವು. ಹೊರಗಿರುವ ನಮಗೆ ಅದು ಟಪ್ ಅಂತ ಕೇಳಿಸುತ್ತದೆ. ಮೀಟರನ್ನು ಒಳಗಿಟ್ಟು ಮುಚ್ಚಿ ತೋರಿಸಿದರು ಡಾಕ್ಟರ್. ಅಂಕಿ ನೋಡಿ ಎಲ್ಲರೂ ಸುಮ್ಮನಾದೆವು. ಒಂದೇ ಒಂದು ಸಲದ ಆ ಪ್ರದರ್ಶನ ಹತ್ತು ಭಾಷಣಕ್ಕಿಂತ ಜಾಸ್ತಿ ಕೆಲಸ ಮಾಡಿತು. ಪೆಟ್ಟಿಗೆ ಮೇಲೆ ಕೇಸ್‌ಶೀಟ್ ಇಡೋದು, ಫೀಡಿಂಗ್ ಬಟ್ಟಲು ಇಡೋದು, ಬೆರಳಲ್ಲಿ ತಟ್ಟಿ "ಏಯ್ ಪುಟ್ಟಾ" ಅನ್ನೋದು ಅವತ್ತೇ ನಿಂತಿತು. ಸ್ಟೀಲ್ ಬೋಗುಣಿಯಲ್ಲಿ ಸ್ಟೀಲ್ ಒಳಲೆ ಹಾಕಿ ತಿರುಗುವ ಅಭ್ಯಾಸಕ್ಕೆ ಮಾತ್ರ ಇನ್ನೂ ಮದ್ದು ಸಿಕ್ಕಿಲ್ಲ. ತಳಕ್ಕೆ ಶುದ್ಧ ಬಟ್ಟೆ ಹಾಸುತ್ತೇವೆ, ಹಾಲು ಕುಡಿಸುವ ಗಡಿಬಿಡಿಯಲ್ಲಿ ಅದೆಲ್ಲೋ ಹೋಗಿರುತ್ತದೆ.

ಮನುಷ್ಯರ ಮಾತಿನ ವಿಷಯಕ್ಕೆ ಬಂದರೆ ಹ್ಯಾಂಡೋವರ್ ಸುಲಭವಾಗಿ ಬಗೆಹರಿಯಿತು. ಹೋಗುವ ಶಿಫ್ಟು, ಬರುವ ಶಿಫ್ಟು ಎರಡೂ ಸೇರಿ ವಾರ್ಮರ್‌ಗಳ ನಡುವೆ ಗುಂಪಾಗಿ ನಿಂತು ಮಾತಾಡುತ್ತಿದ್ದೆವು. ಮಗುವಿನ ಕಥೆಯನ್ನು ಗಾಜಿನಾಚೆ ನರ್ಸ್ ಕೋಣೆಯಲ್ಲಿ ಹೇಳಿಕೊಂಡು ಮುಗಿಸೋದು, ಹಾಸಿಗೆ ಪಕ್ಕ ಡ್ರಿಪ್, ನಳಿಕೆ, ಪಂಪ್ ಓಟ ಇಷ್ಟನ್ನು ಮಾತ್ರ ಇಬ್ಬರೇ ನೋಡಿಕೊಳ್ಳೋದು ಅಂತ ಮಾಡಿದೆವು. ಹಾಸಿಗೆ ಪಕ್ಕದ ಭಾಗವನ್ನು ಪೂರ್ತಿ ಬಿಡಬಾರದು. ಕೋಣೆಯಲ್ಲೇ ಎಲ್ಲ ಹೇಳಿ ಮುಗಿಸಿದರೆ, ಊದಿಕೊಂಡ ಕೈಯಲ್ಲಿ ಓಡುತ್ತಿರುವ ಡ್ರಿಪ್ ಯಾರ ಕಣ್ಣಿಗೂ ಬೀಳಲ್ಲ.

ರೌಂಡ್ಸ್ ಕಷ್ಟ. ನಮ್ಮ ಡಾಕ್ಟರದು ಕಂಚಿನ ಕಂಠ. ಈ ಕೆಲಸಕ್ಕೆ ಎಲ್ಲರಿಗಿಂತ ಮುಂದೆ ನಿಂತವರು ಅವರೇ, ಪುಸ್ತಕದಲ್ಲಿ "ಡಾಕ್ಟರ್ ನಕ್ಕರು" ಅಂತ ಬಂದಿದ್ದೂ ಅವರ ಬಗ್ಗೆಯೇ. ಅವರಿಗೆ ಹೇಳುವವರು ಯಾರು? ಕಸ ಗುಡಿಸುವ ಅಕ್ಕ ಒಂದು ದಿನ ಮೀಟರನ್ನೇ ಎತ್ತಿಕೊಂಡು ಹೋಗಿ ಅವರ ಮುಂದೆ ಹಿಡಿದುಬಿಟ್ಟಳು. ಅವರು ನೋಡಿದರು, ಜೋರಾಗಿ ನಗೋಕೆ ಹೋಗಿ ಬಾಯಿ ಮುಚ್ಚಿಕೊಂಡರು. ಅವತ್ತಿನಿಂದ ವಿದ್ಯಾರ್ಥಿಗಳಿಗೆ ಪಾಠ ಹೊರಗಿನ ಮೇಜಿನ ಹತ್ತಿರ. ಒಳಗೆ ಮಗು ನೋಡೋದು ಮಾತ್ರ.

ಇನ್ನು ಅಲಾರಾಂ. ಹೆಚ್ಚು ತಲೆ ಕೆಡಿಸಿದ್ದು ಇದೇ. ಅಲಾರಾಂನ ಸದ್ದು ಕಮ್ಮಿ ಮಾಡೋದು ಬೇರೆ, ಅಲಾರಾಂ ಹೊಡೆಯೋದನ್ನೇ ಕಮ್ಮಿ ಮಾಡೋದು ಬೇರೆ. ಮೊದಲನೆಯದು ಒಂದು ಬಟನ್ನಿನ ಕೆಲಸ, ಅಪಾಯದ ಕೆಲಸ ಕೂಡ. ಪೂರ್ತಿ ಮ್ಯೂಟ್ ಮಾಡಕೂಡದು ಅಂತ ಮೊದಲ ದಿನವೇ ನಿಯಮ ಹಾಕಿಕೊಂಡೆವು. ಮಾರ್ಗಸೂಚಿ ಪ್ರಕಾರ 3-4 ಮಕ್ಕಳಿಗೆ ಒಬ್ಬ ನರ್ಸ್ ಇರಬೇಕು. ಎಷ್ಟು ಕಡೆ ಹಾಗಿದೆ ಅಂತ ಈ ಕೆಲಸದಲ್ಲಿರುವವರನ್ನು ಕೇಳಿ. ಕೈ ಕಮ್ಮಿ ಇರುವ ಕಡೆ ಅಲಾರಾಂ ಒಂದೇ ನಮ್ಮ ಎರಡನೇ ಜೊತೆ ಕಣ್ಣು. ಆದರೆ ದಿನವಿಡೀ ಸುಳ್ಳು ಅಲಾರಾಂ ಹೊಡೆದರೆ ನಿಜವಾದ್ದು ಹೊಡೆದಾಗಲೂ ಯಾರೂ ತಿರುಗಿ ನೋಡಲ್ಲ.

ಯಾವುದು ಸುಳ್ಳು, ಯಾಕೆ ಸುಳ್ಳು ಅಂತ ಹುಡುಕಿದೆವು. ಜಾಸ್ತಿ ಇದ್ದದ್ದು ಪಲ್ಸ್ ಆಕ್ಸಿಮೀಟರ್‌ನದ್ದು. ಕಾಲಿಗೆ ಸುತ್ತುವ ಪ್ರೋಬ್ ಸಡಿಲ, ಕಾಲು ತಣ್ಣಗೆ, ಕಾಮಾಲೆ ದೀಪದ ಬೆಳಕು ನೇರವಾಗಿ ಪ್ರೋಬ್ ಮೇಲೆ. ಇವಕ್ಕೆಲ್ಲ ಉಪಾಯ ಇದೆ. ಮಗುವಿಗೆ ಕಾಲುಚೀಲ ಹಾಕಿ ಬೆಚ್ಚಗಿಡೋದು, ಪ್ರೋಬ್ ಮೇಲೆ ಬೆಳಕು ಬೀಳದ ಹಾಗೆ ಬಟ್ಟೆ ಸುತ್ತೋದು, ಪಟ್ಟಿ ಬಿಗಿಯಾಗದ ಹಾಗೆ ಸುತ್ತಿ ಆಗಾಗ ಜಾಗ ಬದಲಿಸೋದು. ಇನ್ನೊಂದು ಕಾರಣ ಮಾತ್ರ ನಮಗೇ ಆಶ್ಚರ್ಯ. ಆಕ್ಸಿಜನ್ ಮೇಲಿರುವ ತಿಂಗಳು ತುಂಬದ ಮಗುವಿಗೆ ಸ್ಯಾಚುರೇಶನ್ 90ರಿಂದ 95ರ ನಡುವೆ ಇರಬೇಕು. ಅದಕ್ಕಿಂತ ಜಾಸ್ತಿಯಾದರೆ ಕಣ್ಣಿನ ನರಪದರಕ್ಕೆ ತೊಂದರೆ. ಹಾಗಾಗಿ ಮೇಲಿನ ಮಿತಿಗೂ ಅಲಾರಾಂ ಇಡುತ್ತೇವೆ. ಮಗು ಚೇತರಿಸಿಕೊಂಡು ಆಕ್ಸಿಜನ್ ತೆಗೆದ ಮೇಲೆ ಬರೀ ಗಾಳಿಯಲ್ಲೇ 98 ಇರುತ್ತದೆ. ಅದು ಸಂತೋಷದ ವಿಷಯ. ಆದರೆ ಮೇಲಿನ ಮಿತಿಯನ್ನು 100ಕ್ಕೆ ಏರಿಸದೆ ಬಿಟ್ಟರೆ, ಮಗು ಚೆನ್ನಾಗಿದೆ ಅನ್ನೋ ಕಾರಣಕ್ಕೇ ಮಶೀನು ಗಂಟೆಗಟ್ಟಲೆ ಕೂಗುತ್ತದೆ! ಈಗ ಆಕ್ಸಿಜನ್ ತೆಗೆದ ತಕ್ಷಣ ಮಿತಿ ಬದಲಿಸಬೇಕು, ಮತ್ತೆ ಆಕ್ಸಿಜನ್ ಹಾಕಿದರೆ ಮತ್ತೆ ಇಳಿಸಬೇಕು. ಕೇಸ್‌ಶೀಟಿನಲ್ಲಿ ಅದಕ್ಕೆಂದೇ ಒಂದು ಕಾಲಂ ಇದೆ. ಎರಡನೆಯದನ್ನು ಮರೆತರೆ ಕಣ್ಣಿಗೆ ಅಪಾಯ, ಆದ್ದರಿಂದ ಹ್ಯಾಂಡೋವರ್‌ನಲ್ಲಿ ಇದನ್ನು ಬಾಯಿಬಿಟ್ಟು ಹೇಳಲೇಬೇಕು.

ಸಿರಿಂಜ್ ಪಂಪು ಖಾಲಿಯಾಗುವ ಮುಂಚೆ ಕೂಗುತ್ತದೆ. ಅದು ಕೂಗಿದ ಮೇಲೆ ಔಷಧ ಬೆರೆಸೋಕೆ ಹೋದರೆ ಅಷ್ಟು ಹೊತ್ತೂ ಕೂಗುತ್ತಲೇ ಇರುತ್ತದೆ. ಮುಗಿಯುವ ಹೊತ್ತನ್ನು ಚೀಟಿಯಲ್ಲಿ ಬರೆದು ಪಂಪಿಗೆ ಅಂಟಿಸಿದರೆ ಮುಗಿಯಿತು. ವಾರ್ಮರ್‌ನ ಸ್ಕಿನ್ ಪ್ರೋಬ್ ಬೆವರಿಗೆ ಬಿಟ್ಟುಕೊಳ್ಳುತ್ತದೆ, ಒಳ್ಳೇ ಟೇಪ್ ಬೇಕು. ಸಿಪ್ಯಾಪ್ ನಳಿಕೆಯಲ್ಲಿ ನೀರು ನಿಂತರೆ ಗೊಳಗೊಳ ಸದ್ದು ಎರಡು ಪಟ್ಟು, ಆಗಾಗ ಬಸಿಯಬೇಕು. ಕಫ ಎಳೆಯುವ ಸಕ್ಷನ್ ಮಶೀನನ್ನು ಕೆಲಸ ಮುಗಿದ ಮೇಲೆ ಆಫ್ ಮಾಡಬೇಕು, ಅಷ್ಟೇ. ಇಷ್ಟು ಸಣ್ಣದನ್ನು ಬರೆಯಬೇಕಾ ಅನ್ನಬಹುದು. ಬರೆಯದೇ ಇದ್ದಾಗ ಯಾರೂ ಆಫ್ ಮಾಡುತ್ತಿರಲಿಲ್ಲ.

ಮಧ್ಯಾಹ್ನ 3ರಿಂದ 4 ಗಂಟೆ 'ಕ್ವಯಟ್ ಅವರ್' ಅಂತ ಮಾಡಿದೆವು. ದೀಪ ಮಂದ. ತುರ್ತು ಇಲ್ಲದಿದ್ದರೆ ರಕ್ತ ತೆಗೆಯೋದಿಲ್ಲ, ನೆಲ ಒರೆಸೋದಿಲ್ಲ, ತೂಕ ನೋಡೋದಿಲ್ಲ. ಬೇಕಾದ ಕೆಲಸಗಳನ್ನು ಮುಂಚೆ ಒಟ್ಟಿಗೆ ಮುಗಿಸಿ ಮಗುವನ್ನು ಮಲಗೋಕೆ ಬಿಡೋದು. ಲ್ಯಾಬ್‌ನವರಿಗೆ ಮೂರು ಗಂಟೆಯೇ ಅನುಕೂಲದ ಹೊತ್ತಾಗಿತ್ತು, ಸ್ವಲ್ಪ ದಿನ ಮುನಿಸಿಕೊಂಡರು. ಆ ಹೊತ್ತಿಗೇ ತಾಯಂದಿರನ್ನು ಕಾಂಗರೂ ಆರೈಕೆಗೆ, ಅಂದರೆ ಮಗುವನ್ನು ಎದೆಗೆ ಹಾಕಿಕೊಂಡು ಮಲಗಿಸೋಕೆ, ಒಳಗೆ ಕರೆಯೋಣ ಅಂದಾಗ ದೊಡ್ಡ ವಾದವೇ ಆಯಿತು. ತಾಯಂದಿರು ಬಂದರೆ ಗದ್ದಲ ಜಾಸ್ತಿ ಅಂತ ಒಂದು ಗುಂಪು. ಡಾಕ್ಟರ್ 2021ರಲ್ಲಿ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ ಮುಂದಿಟ್ಟರು. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಅದರಲ್ಲಿತ್ತು. ಸಣ್ಣ ತೂಕದ ಮಕ್ಕಳನ್ನು ಹುಟ್ಟಿದ ಕೂಡಲೇ ಅಮ್ಮನ ಎದೆಗೆ ಹಾಕಿದಾಗ ಸಾವು 25 ಶೇಕಡ ಕಮ್ಮಿಯಾಗಿತ್ತು. ವಾದ ಅಲ್ಲಿಗೆ ಮುಗಿಯಿತು.

ತಾಯಂದಿರು ಗದ್ದಲ ಮಾಡಲಿಲ್ಲ. ಆದರೆ ಅವರ ಬಳೆ ಮಾಡಿತು. ಸೀಮಂತದಲ್ಲಿ ತೊಡಿಸಿದ ಹಸಿರು ಗಾಜಿನ ಬಳೆ ಎರಡೂ ಕೈ ತುಂಬ. ಮಗು ಎದೆ ಮೇಲೆ, ಬಳೆ ಮಗುವಿನ ಕಿವಿ ಮೇಲೆ. ಸೋಂಕಿನ ನಿಯಮದ ಪ್ರಕಾರವೂ ಮೊಣಕೈ ಕೆಳಗೆ ಏನೂ ಇರಬಾರದು. ಹಾಗಂತ ಬಾಣಂತಿಗೆ "ಬಳೆ ತೆಗಿ" ಅನ್ನೋದು ಎಂಥ ಮಾತು! ಮಗು ಸಾವು ಬದುಕಿನ ನಡುವೆ ಇರುವಾಗ ಯಾವ ತಾಯಿ ಗಾಜಿನ ಬಳೆ ತೆಗೆಯುತ್ತಾಳೆ? ಒಬ್ಬ ಅತ್ತೆ ಬಾಗಿಲಲ್ಲೇ ನಿಂತು ನನ್ನನ್ನು ತರಾಟೆಗೆ ತಗೊಂಡರು. ಕೊನೆಗೆ ದಾರಿ ತೋರಿಸಿದ್ದು ಬಾಣಂತಿಯೊಬ್ಬಳೇ. ತೆಗೆಯೋದು ಬೇಡ, ಮೇಲಕ್ಕೆ ಸರಿಸಿ ಮೊಣಕೈ ಮೇಲೆ ಕಟ್ಟಿಬಿಡಿ ಅಂದಳು. ಗಾಜ್ ಬ್ಯಾಂಡೇಜ್ ಸುತ್ತಿ ಕಟ್ಟಿದೆವು. ಅಷ್ಟು ಮೇಲಕ್ಕೆ ಏರದ ಬಳೆಗೆ ಇದ್ದಲ್ಲೇ ಬ್ಯಾಂಡೇಜ್ ಸುತ್ತಿ, ಮೇಲೆ ಗೌನಿನ ತೋಳು ಇಳಿಸಿದೆವು. ಸೋಂಕು ನಿಯಂತ್ರಣದ ಸಿಸ್ಟರ್ ಅರ್ಧ ಮನಸ್ಸಿನಿಂದ ಒಪ್ಪಿದರು. ಕಾಲ್ಗೆಜ್ಜೆ ತೆಗೆಯೋಕೆ ಮಾತ್ರ ಯಾರೂ ತಕರಾರು ಮಾಡಲಿಲ್ಲ.

ಒಂದು ಮಾತು ಹೇಳಬೇಕು. ಸದ್ದು ಇಳಿಸೋದು ಅಂದರೆ ಮಗುವನ್ನು ಪೂರ್ತಿ ಮೌನದಲ್ಲಿ ಇಡೋದಲ್ಲ. ಅದಕ್ಕೆ ಅಮ್ಮನ ಮಾತು ಬೇಕು. ಮೊದಲು ಆ ಗಲಾಟೆಯಲ್ಲಿ ತಾಯಿ ಮಾತಾಡಬೇಕಾದರೆ ಕೂಗಬೇಕಿತ್ತು, ಅದಕ್ಕೇ ಸುಮ್ಮನಿರುತ್ತಿದ್ದರು. ಈಗ ಅವರು ಮೆಲ್ಲಗೆ ಏನೇನೋ ಹೇಳುತ್ತಿರುತ್ತಾರೆ, ಊರ ಸುದ್ದಿ, ದೊಡ್ಡ ಮಗನ ಚೇಷ್ಟೆ, ಗಂಡನ ಮೇಲಿನ ದೂರು. ಕೆಲವರು ಜೋಗುಳ ಹಾಡುತ್ತಾರೆ. ಮೊಬೈಲ್‌ನಲ್ಲಿ ಜೋಗುಳ ಹಾಕಿ ಪಕ್ಕದಲ್ಲಿಡೋಕೆ ಬಂದ ಅಪ್ಪಂದಿರಿಗೆ ಬೇಡ ಅಂತ ಹೇಳಿ, ನೀವೇ ಮಾತಾಡಿ ಅನ್ನುತ್ತೇವೆ. ನಾಚಿಕೊಳ್ಳುತ್ತಾರೆ, ಆಮೇಲೆ ಮಾತಾಡುತ್ತಾರೆ.

ಹೊರಗಿನ ಸದ್ದಿಗೆ ನಮ್ಮ ಕೈ ಸೋತಿದೆ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಆಸ್ಪತ್ರೆ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಹಗಲು 50, ರಾತ್ರಿ 40 ಡೆಸಿಬಲ್ ಮಿತಿ. ಕಾಗದದ ಮೇಲೆ ಚೆನ್ನಾಗಿದೆ. ಗೇಟಿನ ಮುಂದೆ ಆಟೋ, ಖಾಸಗಿ ಬಸ್ಸು, ಹಾರ್ನು. ಗಣೇಶ ಮೆರವಣಿಗೆಯ ಡಿಜೆ ಬಂದರೆ ಗಾಜು ನಡುಗುತ್ತದೆ. ಮೆರವಣಿಗೆ ದಾರಿ ಬದಲಿಸಿ ಅಂತ ಆಸ್ಪತ್ರೆಯಿಂದ ಪತ್ರ ಹೋಯಿತು. ಆಸ್ಪತ್ರೆ ಮುಂದೆ ಡಿಜೆ ನಿಲ್ಲಿಸಿ, ಬರೀ ತಮಟೆ ಬಡಿದುಕೊಂಡು ಹೋದರು. ಅಷ್ಟಾದರೂ ಆಯಿತಲ್ಲ.

ಇಷ್ಟೆಲ್ಲ ಮಾಡಿ ಎಷ್ಟು ಇಳಿಯಿತು? ಮೊದಲೆಲ್ಲ ಆಗಾಗ ಮೇಲಕ್ಕೆ ಚಿಮ್ಮುತ್ತಿದ್ದ ಮುಳ್ಳು ಈಗ ಅಪರೂಪಕ್ಕೆ ಚಿಮ್ಮುತ್ತದೆ. ಸಾಮಾನ್ಯ ಹೊತ್ತಲ್ಲಿ 60ರ ಒಳಗಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಇಂಥದ್ದೇ ಕಮ್ಮಿ ಖರ್ಚಿನ ಕೆಲಸ ಮಾಡಿ 2009ರಲ್ಲಿ ಇಂಡಿಯನ್ ಜರ್ನಲ್ ಆಫ್ ಪೀಡಿಯಾಟ್ರಿಕ್ಸ್‌ನಲ್ಲಿ ಬರೆದಿದ್ದಾರೆ. ಅವರ ವೆಂಟಿಲೇಟರ್ ಕೋಣೆಯಲ್ಲಿ 9 ಡೆಸಿಬಲ್‌ಗಿಂತ ಜಾಸ್ತಿ ಇಳಿದಿತ್ತು, ಎಲ್ಲ ಕೋಣೆಗಳೂ 60ರೊಳಗೆ ಬಂದಿದ್ದವು. ಅದನ್ನು ಡಾಕ್ಟರ್ ಓದಿ ಹೇಳಿದಾಗ ನಮಗೆ ಧೈರ್ಯ ಬಂತು. 45 ಮಾತ್ರ ನಮಗೆ ಒಂದು ದಿನವೂ ಸಿಕ್ಕಿಲ್ಲ. ಯಾರೂ ಮಾತಾಡದಿದ್ದರೂ ಎಸಿ ಮತ್ತು ಕಾನ್ಸನ್‌ಟ್ರೇಟರ್ ಸೇರಿಯೇ ಅದನ್ನು ದಾಟಿಬಿಡುತ್ತವೆ. ಅದಕ್ಕೆ ರಬ್ಬರ್ ತುಂಡು ಸಾಲದು. ಕಾನ್ಸನ್‌ಟ್ರೇಟರ್ ಬದಲು ಎಲ್ಲ ಹಾಸಿಗೆಗೂ ಪೈಪಿನಲ್ಲಿ ಆಕ್ಸಿಜನ್ ಬರಬೇಕು, ತೊಳೆಯಬಹುದಾದ ಸದ್ದು ಹೀರುವ ಚಾವಣಿ ಬೇಕು. ಅದು ಎಂಜಿನಿಯರ್‌ಗಳ ಕೆಲಸ, ದುಡ್ಡಿನ ಕೆಲಸ.

ಹಾಗಾಗಿ ಈಗ ನಮ್ಮ ಗಮನ ಇಂಡೆಂಟ್ ಮೇಲೆ, ಅಂದರೆ ಸಾಮಾನು ತರಿಸೋಕೆ ಬರೆಯುವ ಬೇಡಿಕೆ ಪಟ್ಟಿ ಮೇಲೆ. ಇನ್‌ಕ್ಯುಬೇಟರ್ ಒಳಗೆ ಮಾಮೂಲಿ ಓಟದಲ್ಲಿ 60 ಡೆಸಿಬಲ್ ದಾಟಬಾರದು ಅಂತ ಅಂತರರಾಷ್ಟ್ರೀಯ ಮಾನದಂಡ ಇದೆ. ಅಂದರೆ ನಿಯಮ ಪಾಲಿಸಿದ ಪೆಟ್ಟಿಗೆಯೂ 45ಕ್ಕಿಂತ ಎಷ್ಟೋ ಮೇಲಿರಬಹುದು. ಅದಕ್ಕೇ ಈ ಸಲ ಹೊಸ ವಾರ್ಮರ್, ಇನ್‌ಕ್ಯುಬೇಟರ್, ಮಾನಿಟರ್‌ಗಳಿಗೆ ಬೇಡಿಕೆ ಬರೆಯುವಾಗ ಸದ್ದು ಎಷ್ಟು ಡೆಸಿಬಲ್ ಅಂತ ತಯಾರಕರು ಬರೆದುಕೊಡಬೇಕು, ಅಲಾರಾಂ ಸದ್ದನ್ನು ಹಂತ ಹಂತವಾಗಿ ಇಳಿಸೋಕೆ ಬರಬೇಕು ಅಂತ ಸೇರಿಸಿದ್ದೇವೆ. ಮೊನ್ನೆ ಸ್ಟೋರ್ಸ್‌ನಿಂದ ಫೋನ್ ಬಂತು. "ಸಿಸ್ಟರ್, ಡೆಸಿಬಲ್ ಅಂತ ಬರೆದಿದ್ದೀರಲ್ಲ, ಅದು ಯಾವ ಕಂಪನಿದು? ಎಷ್ಟು ಪೀಸ್ ಬೇಕು?" ಒಂದೂ ಬೇಡ ಸಾರ್ ಅಂದೆ. ಅರ್ಥವಾಗಲಿ ಅಂತ ಇನ್ನೊಂದು ಪುಟ ಬರೆದು, ಡಾಕ್ಟರ ಸಹಿ ಹಾಕಿಸಿ ಕಳಿಸಿದ್ದೇನೆ. ಟೆಂಡರ್ ಇನ್ನೂ ಕರೆದಿಲ್ಲ.